ನೋಡಲು ಬರುವವರಿದ್ದಾರೆ

ಮನೆ ಕೊಳ್ಳಲು ಬಂದವರು ಹತ್ತು ನಿಮಿಷದಲ್ಲಿ ಆ ಮನೆಯ ಛಾವಣಿಯನ್ನು ನೋಡುವಷ್ಟು, ಅದರ ಕೆಳಗೆ ಬಾಳಿದವರು ಹತ್ತು ವರ್ಷದಲ್ಲಿಯೂ ನೋಡಿರುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಅವರ ಕತ್ತು ಮೇಲಕ್ಕೆ ಹೋಗುತ್ತದೆ. ಮೂಲೆಗಳನ್ನು ಒಂದೊಂದಾಗಿ ನೋಡುತ್ತಾರೆ. ನಲ್ಲಿ ತಿರುಗಿಸುತ್ತಾರೆ, ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿಟಕಿಯ ಚಿಲಕವನ್ನು ಸುಮ್ಮನೆ ಎಂಬಂತೆ ಎಳೆದು ಬಿಡುತ್ತಾರೆ. ಆಮೇಲೆ ನಮ್ಮ ಕಡೆ ತಿರುಗಿ, "ಮನೆ ಚೆನ್ನಾಗಿದೆ" ಎನ್ನುತ್ತಾರೆ. ಆ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಅಲ್ಲಿಯವರೆಗೆ ಅವರ ಕಣ್ಣು ಎಲ್ಲೆಲ್ಲಿ ನಿಂತಿತು ಎಂಬುದಕ್ಕೆ ಕೊಡಬೇಕು.

ಅಪ್ಪ ಅಮ್ಮ ಕಟ್ಟಿಸಿದ ಮನೆಯನ್ನು ಮಾರುವುದೆಂದು ನಾನೂ ಅಕ್ಕನೂ ತೀರ್ಮಾನಿಸಿದ ಮೇಲೆ, ಅದನ್ನು ಮಾರಾಟಕ್ಕೆ ಅಣಿಗೊಳಿಸುವ ಕೆಲಸ ನಮ್ಮ ಪಾಲಿಗೆ ಬಂತು. ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಸುಣ್ಣಬಣ್ಣ ಮಾಡಿಸಿ, ಹೂಕುಂಡ ಇಡಿ, ಹೊಸ ಪರದೆ ಹಾಕಿ, ಅಡುಗೆಮನೆಯನ್ನು ಪೂರ್ತಿ ಬದಲಿಸಿ. ಎಲ್ಲರ ಮಾತಿನಲ್ಲಿಯೂ ಇದ್ದದ್ದು ಒಂದೇ ನಂಬಿಕೆ: ಕೊಳ್ಳುವವರು ಚೆಂದವನ್ನು ಹುಡುಕಿಕೊಂಡು ಬರುತ್ತಾರೆ. ಬಂದವರನ್ನು ಒಂದಷ್ಟು ಕಾಲ ಗಮನಿಸಿದ ಮೇಲೆ ನನಗೆ ಬೇರೆಯೇ ತೋರಿತು. ಅವರು ಬರುವುದು ಅನುಮಾನವನ್ನು ಹೊತ್ತುಕೊಂಡು. ಬದುಕಿನಲ್ಲಿಯೇ ಅತಿ ದೊಡ್ಡ ಮೊತ್ತವನ್ನು ಕೈಬಿಡಲು ಹೊರಟವರ ಮನಸ್ಸು ಮೊದಲು ಕೇಳುವುದು, ಇಲ್ಲಿ ನನಗೆ ಗೊತ್ತಾಗದೆ ಉಳಿದಿರುವುದು ಏನು ಎಂದು. ಚೆಂದದ ಮಾತು ಬರುವುದು ಆ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಕ್ಕ ನಂತರವೇ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಹೆಸರುವಾಸಿಯಾದ ವಿವರಣೆಯಿದೆ. 1970ರಲ್ಲಿ ಜಾರ್ಜ್ ಅಕೆರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದರು. ಕಾರು ಒಳ್ಳೆಯದೋ ಕೆಟ್ಟದ್ದೋ ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರುಗಳಿಗೂ ನಡುವಿನ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ಕಾರಿನ ಒಡೆಯ ಆ ಬೆಲೆಗೆ ಒಪ್ಪದೆ ಹಿಂದೆ ಸರಿಯುತ್ತಾನೆ. ಉಳಿಯುವುದು ಹುಳುಕು ಕಾರುಗಳು. 2001ರಲ್ಲಿ ನೊಬೆಲ್ ಗೌರವ ಪಡೆದವರಲ್ಲಿ ಅಕೆರ್ಲಾಫ್ ಒಬ್ಬರು. ಮನೆಯ ವಿಷಯದಲ್ಲಿಯೂ ಇದೇ ಆಟ ನಡೆಯುತ್ತದೆ. ಗೋಡೆಯೊಳಗಿನ ಕೊಳವೆ, ಟೈಲ್ಸ್ ಕೆಳಗಿನ ತೇವ, ಮಳೆ ಜೋರಾದಾಗ ಮಾತ್ರ ಸೋರುವ ಮೂಲೆ, ಇವೆಲ್ಲ ಮಾರುವವರಿಗೆ ಗೊತ್ತು. ಕೊಳ್ಳುವವರು ಕಾಣದ್ದನ್ನು ಕಾಣುವುದರಿಂದ ಊಹಿಸಬೇಕು. ಹಾಗಾಗಿ ತೊಟ್ಟಿಕ್ಕುವ ಒಂದು ನಲ್ಲಿ ಅವರ ಮಟ್ಟಿಗೆ ಬರೀ ನಲ್ಲಿಯಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತದೆ. ಕಣ್ಣೆದುರಿನ ಇಷ್ಟನ್ನೇ ಸರಿಪಡಿಸದವರು ಕಣ್ಣಿಗೆ ಕಾಣದ್ದನ್ನು ಹೇಗೆ ಇಟ್ಟುಕೊಂಡಿರಬಹುದು ಎಂದು ಅವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ನಲ್ಲಿಯ ಎರಡು ಕಾಸಿನ ವಾಷರ್ ಮನೆಯ ಬೆಲೆಯಿಂದ ದೊಡ್ಡ ಮೊತ್ತವನ್ನೇ ಕಳೆದುಬಿಡುತ್ತದೆ.

ಅದಕ್ಕೇ ನಾವು ನೀರಿನಿಂದ ಶುರು ಮಾಡಿದೆವು. ಯಾವ ಮನೆಯನ್ನೇ ಆಗಲಿ, ಮಾರುವ ಮುನ್ನ ಒಂದೇ ಕೆಲಸಕ್ಕೆ ಹಣವಿದೆ ಎಂದರೆ ಅದು ನೀರಿನ ಕೆಲಸವಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ನಡುಮನೆಯ ಛಾವಣಿಯ ಮೂಲೆಯಲ್ಲಿ ಕಂದು ಅಂಚಿನ ಒಂದು ಕಲೆಯಿತ್ತು. ನಾವು ಅದರ ಕೆಳಗೇ ಓದಿ, ಉಂಡು, ಜಗಳವಾಡಿ ಬೆಳೆದವರು. ನಮಗೆ ಅದು ಕಾಣುತ್ತಲೇ ಇರಲಿಲ್ಲ. ಬಣ್ಣ ಬಳಿಯುವವನು ಬಂದು, "ಎರಡು ಕೋಟ್ ಹೊಡೆದರೆ ಮುಚ್ಚಿಹೋಗುತ್ತದೆ" ಎಂದ. ಮುಚ್ಚಿಹೋಗುತ್ತದೆ ಎಂಬುದೇನೋ ನಿಜ, ಕೆಲವು ದಿನಗಳ ಮಟ್ಟಿಗೆ. ಸೋರಿದ ನೀರು ಗಾರೆಯೊಳಗಿನ ಲವಣಗಳನ್ನೂ ಕೊಳೆಯನ್ನೂ ಕರಗಿಸಿಕೊಂಡು ಮೇಲ್ಮೈಗೆ ತಂದಿರುತ್ತದೆ. ನೀರಿನಲ್ಲಿ ಕಲಸುವ ಬಣ್ಣವನ್ನು ಅದರ ಮೇಲೆ ಬಳಿದರೆ ಆ ಕಂದು ಮತ್ತೆ ಕರಗಿ ಹೊಸ ಬಣ್ಣದೊಳಗೆ ಏರುತ್ತದೆ. ಒಳಗೆ ತೇವ ಉಳಿದಿದ್ದರಂತೂ ಬಣ್ಣದ ಪದರ ಗುಳ್ಳೆ ಏಳುತ್ತದೆ, ಗೋಡೆಯಾದರೆ ಬಿಳಿಯ ಉಪ್ಪು ಪುಡಿಪುಡಿಯಾಗಿ ಹೊರಬರುತ್ತದೆ. ಸರಿಯಾದ ಕ್ರಮ ಬೇರೆಯೇ. ಮೊದಲು ಸೋರುವ ಜಾಗವನ್ನು ಹುಡುಕಿ ನಿಲ್ಲಿಸಬೇಕು. ಆಮೇಲೆ ಗಿಲಾವು ಒಣಗಲು ಬಿಡಬೇಕು, ಇದಕ್ಕೆ ವಾರಗಟ್ಟಲೆ ಬೇಕಾಗಬಹುದು. ಅದಾದ ಮೇಲೆ ಕಲೆ ತಡೆಯುವ ಪ್ರೈಮರ್, ಕೊನೆಗೆ ಬಣ್ಣ. ಕೊಳಾಯಿ ಕೆಲಸದವನು ಬಂದು ಮೇಲಿನ ಬಚ್ಚಲಿನ ಮೋರಿಯ ಸುತ್ತ ಬಿರುಕು ಹುಡುಕಿ, ಒಡೆದು, ಮತ್ತೆ ಮುಚ್ಚಿದ. ಗಾರೆ ಒಣಗುವವರೆಗೆ ನಾವು ಬೇರೆ ಕೆಲಸ ನೋಡಿಕೊಂಡೆವು.

ಮಾರಾಟದ ಆತುರದಲ್ಲಿರುವವರಿಗೆ ಈ ಕಾಯುವಿಕೆ ಬಲು ಕಷ್ಟ. ಆದರೆ ಒಂದು ವಿಚಿತ್ರ ನೋಡಿ: ಮನೆಯೆಲ್ಲ ಹಳೆಯ ಬಣ್ಣದಲ್ಲಿದ್ದು, ಒಂದು ಮೂಲೆ ಮಾತ್ರ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿದ್ದರೆ, ಅನುಭವವಿರುವ ಕೊಳ್ಳುಗರು ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಅವಸರದಲ್ಲಿ ಮುಚ್ಚಿದ ಕಲೆಯು ತೆರೆದಿಟ್ಟ ಕಲೆಗಿಂತ ಹೆಚ್ಚು ಮಾತನಾಡುತ್ತದೆ.

ನೀರಿನ ನಂತರ ಕೈಗೆ ತಾಗುವ ವಸ್ತುಗಳು. ಮನೆ ನೋಡುವವರು ಗೋಡೆಯನ್ನು ಕಣ್ಣಿನಿಂದ ನೋಡಿದರೆ ಬಾಗಿಲು, ಚಿಲಕ, ಸ್ವಿಚ್ಚು, ನಲ್ಲಿಗಳನ್ನು ಕೈಯಿಂದ ನೋಡುತ್ತಾರೆ. ಕಿರ್ರೆನ್ನುವ ಬಾಗಿಲಿನ ಕೀಲಿಗೆ ಎರಡು ಹನಿ ಎಣ್ಣೆ, ಸಡಿಲವಾದ ಹಿಡಿಯ ಸ್ಕ್ರೂಗೆ ಅರ್ಧ ತಿರುವು, ಬೆರಳ ಜಿಡ್ಡು ಹಿಡಿದ ಸ್ವಿಚ್ಚುಗಳಿಗೆ ಒದ್ದೆ ಬಟ್ಟೆ, ಬಚ್ಚಲಿನ ಟೈಲ್ಸ್ ಸಂದಿನ ಕಪ್ಪು ಬೂಷ್ಟನ್ನು ಕೆರೆದು ಹೊಸ ಸಿಲಿಕೋನ್. ಇವುಗಳಲ್ಲಿ ಯಾವುದೂ ಖರ್ಚಿನ ಕೆಲಸವಲ್ಲ, ಯಾವುದೂ ಫೋಟೋದಲ್ಲಿ ಕಾಣುವುದಿಲ್ಲ. ಬಹುಶಃ ಅದಕ್ಕಾಗಿಯೇ ಇವನ್ನು ಯಾರೂ ಮಾಡಿಸುವುದಿಲ್ಲ.

ಇನ್ನು ಸಾಮಾನು ತೆಗೆಯುವ ಕೆಲಸ. ಇಲ್ಲಿ ನನಗೂ ಅಕ್ಕನಿಗೂ ಜಗಳವಾಯಿತು.

ನಡುಮನೆಯ ಕಿಟಕಿಗೆ ಅರ್ಧ ಅಡ್ಡವಾಗಿ ಒಂದು ದೊಡ್ಡ ಮರದ ಕಪಾಟು ನಿಂತಿತ್ತು. ಅದನ್ನು ಸಾಗಿಸಬೇಕು ಎಂದೆ. "ಅದು ಅಲ್ಲಿ ಇಲ್ಲದಿದ್ದರೆ ನಡುಮನೆ ಎಂದು ಅನಿಸುವುದೇ ಇಲ್ಲ" ಎಂದಳು ಅಕ್ಕ. ನಮಗೆ ಅನಿಸುವುದಿಲ್ಲ, ಬರುವವರಿಗೆ ಅನಿಸಬೇಕಲ್ಲ ಎಂದೆ. ಸ್ವಲ್ಪ ಹೊತ್ತು ಮಾತು ನಿಂತಿತು. ಕೊನೆಗೆ ಅವಳೇ ಆಳುಗಳನ್ನು ಕರೆಸಿದಳು. ಕಪಾಟು ಹೋದ ಜಾಗದಲ್ಲಿ ಗೋಡೆಯ ಬಣ್ಣ ಕಪಾಟಿನದೇ ಅಳತೆಗೆ ಗಾಢವಾಗಿ ಉಳಿದಿತ್ತು, ಕೋಣೆ ಮಾತ್ರ ಒಮ್ಮೆಲೇ ಬೆಳಕಾಯಿತು. ಹಾಗೆ ಬೆಳಕಾದ ಕೋಣೆಯನ್ನು ಕಂಡು ಇಬ್ಬರಿಗೂ ಸ್ವಲ್ಪ ಕಸಿವಿಸಿಯಾಯಿತು, ಇಷ್ಟು ವರ್ಷ ಇದನ್ನು ಯಾಕೆ ಮಾಡಿರಲಿಲ್ಲ ಎಂದು. ಮಾರಲು ಹೊರಟ ಮೇಲೆ ಮನೆ ವಾಸಕ್ಕೆ ಹೆಚ್ಚು ಹಿತವಾಗುವುದು ಈ ಇಡೀ ವ್ಯವಹಾರದ ಕ್ರೂರ ತಮಾಷೆ.

ಮಾರುವ ಮನೆಯನ್ನು ರಂಗಸಜ್ಜಿಕೆಯಂತೆ ಅಣಿಗೊಳಿಸುವುದು ಇಂದು ಹಲವು ದೇಶಗಳಲ್ಲಿ ಒಂದು ವೃತ್ತಿಯೇ ಆಗಿದೆ. ಅದರ ಆರಂಭದ ಹಿರಿಮೆ ಸಾಮಾನ್ಯವಾಗಿ ಅಮೆರಿಕದ ಬಾರ್ಬ್ ಶ್ವಾರ್ಟ್ಸ್ ಎಂಬವರಿಗೆ ಸಲ್ಲುತ್ತದೆ. 1970ರ ದಶಕದ ಆರಂಭದಲ್ಲಿ ಸಿಯಾಟಲ್ ಸುತ್ತಮುತ್ತ ಮನೆ ಮಾರಿಸುವ ಕೆಲಸದಲ್ಲಿದ್ದ ಅವರಿಗೆ ರಂಗಭೂಮಿಯ ನಂಟೂ ಇತ್ತು. ಮಾರುವವರಿಗೆ ನಿಮ್ಮ ಮನೆ ಕೊಳಕಾಗಿದೆ ಎಂದು ಹೇಳುವಂತಿಲ್ಲ, ನಾಟಕಕ್ಕೆ ರಂಗ ಸಜ್ಜುಗೊಳಿಸೋಣ ಎನ್ನಬಹುದು. ಈ ಉಪಾಯವನ್ನು ನಾನು ಮೆಚ್ಚುತ್ತೇನೆ. ಆದರೆ ಬಾಡಿಗೆಗೆ ತಂದ ಸೋಫಾ, ಬಾಡಿಗೆಗೆ ತಂದ ಚಿತ್ರಪಟಗಳಿಂದ ಬೆಲೆ ಎಷ್ಟು ಏರುತ್ತದೆ ಎಂಬ ಬಗ್ಗೆ ಆ ವೃತ್ತಿಯವರು ಹೇಳುವ ಅಂಕಿಗಳನ್ನು ನಾನು ಅರ್ಧಕ್ಕೆ ಇಳಿಸಿ ಕೇಳುತ್ತೇನೆ. 2015ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಒಂದೇ ಮನೆಯನ್ನು ಬೇರೆ ಬೇರೆ ಗೋಡೆ ಬಣ್ಣ, ಬೇರೆ ಬೇರೆ ಪೀಠೋಪಕರಣಗಳೊಂದಿಗೆ ಕಂಪ್ಯೂಟರಿನಲ್ಲಿ ಸುತ್ತಾಡಿಸಿ ತೋರಿಸಿದರು. ಇಲ್ಲಿ ವಾಸಿಸಬಹುದು ಎಂಬ ಭಾವನೆ ಅದರಿಂದ ಬದಲಾಯಿತು, ಕೊಡಲು ಸಿದ್ಧವಾದ ಬೆಲೆ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ತಮಾಷೆಯೆಂದರೆ, ಇತರರು ಮಾತ್ರ ಅಂಥ ಅಲಂಕಾರಕ್ಕೆ ಮರುಳಾಗಿ ಹೆಚ್ಚು ಕೊಡುತ್ತಾರೆ ಎಂದು ನೋಡಿದವರು ನಂಬಿದ್ದರು. ನನಗೆ ಈ ಫಲಿತಾಂಶ ಸಹಜವಾಗಿಯೇ ಕಾಣುತ್ತದೆ. ಸೋಫಾ ಮಾರಾಟಕ್ಕಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅಲಂಕಾರದಿಂದ ಆಗುವ ಲಾಭವೆಂದರೆ ಹೆಚ್ಚು ಜನ ಬಂದು ನೋಡುವುದು, ಬಂದವರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು.

ಅದಕ್ಕೆ ತರುವುದಕ್ಕಿಂತ ತೆಗೆಯುವುದೇ ಸಾಕು. ಕಪಾಟಿನ ಬಾಗಿಲು ತೆರೆದು ನೋಡುವುದನ್ನು ಕೊಳ್ಳುವವರು ಬಿಡುವುದಿಲ್ಲ. ಅದು ತುಂಬಿ ತುಳುಕುತ್ತಿದ್ದರೆ ಈ ಮನೆಯಲ್ಲಿ ಸಾಮಾನಿಗೆ ಜಾಗವಿಲ್ಲ ಎಂಬ ಸುದ್ದಿ, ಅರ್ಧ ಖಾಲಿಯಿದ್ದರೆ ಬೇಕಾದಷ್ಟಿದೆ ಎಂಬ ಸುದ್ದಿ. ಹಾಗೆಂದು ಪೂರ್ತಿ ಬರಿದಾಗಿಸಲೂ ಬಾರದು. ಬರಿಯ ಕೋಣೆಯಲ್ಲಿ ಅಳತೆಗೆ ಆಧಾರವಿರುವುದಿಲ್ಲ, ಮಂಚ ಹಿಡಿಯುತ್ತದೋ ಇಲ್ಲವೋ ಎಂದು ಬಂದವರು ಕಾಲ್ನಡೆಯಲ್ಲಿ ಅಳೆಯತೊಡಗುತ್ತಾರೆ. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ ಉಳಿದರೆ ಅಳತೆ ತಾನಾಗಿ ತಿಳಿಯುತ್ತದೆ. ಗೋಡೆಯ ಮೇಲಿನ ಕುಟುಂಬದ ಫೋಟೋಗಳ ಬಗ್ಗೆ ಹೇಳಬೇಕೆಂದರೆ, ತೆಗೆಯುವುದೇ ಒಳ್ಳೆಯದು. ಬಂದವರು ಗೋಡೆ ನೋಡುವುದನ್ನು ಬಿಟ್ಟು ಮುಖಗಳನ್ನು ನೋಡುತ್ತಾರೆ. ಮೊಳೆಯ ತೂತುಗಳಿಗೆ ಪುಟ್ಟಿ ತುಂಬುವುದನ್ನು ಮರೆಯಬಾರದು.

ವಾಸನೆಯ ವಿಷಯದಲ್ಲಿ ನಮ್ಮ ಮೂಗನ್ನು ನಂಬುವಂತಿಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಸಾಕು, ಮೂಗೂ ಮಿದುಳೂ ಅದನ್ನು ಲೆಕ್ಕದಿಂದ ಬಿಟ್ಟುಬಿಡುತ್ತವೆ. ವರ್ಷಗಟ್ಟಲೆ ಬಾಳಿದವರಿಗೆ ಸ್ವಂತ ಮನೆಯ ವಾಸನೆ ಇಲ್ಲವೇ ಇಲ್ಲ. ಹೊರಗಿನವರೊಬ್ಬರನ್ನು, ಮುಲಾಜಿಲ್ಲದೆ ಮಾತನಾಡುವವರನ್ನು, ಒಳಗೆ ಕರೆದು ಕೇಳಬೇಕು. ನಮ್ಮ ಗೆಳೆಯರೊಬ್ಬರು ಬಾಗಿಲಲ್ಲೇ ನಿಂತು, "ಹಳೆಯ ಪುಸ್ತಕ, ಸ್ವಲ್ಪ ಮೋರಿ" ಎಂದರು. ಬಳಸದ ಬಚ್ಚಲಿನ ಮೋರಿಯ ಬಾಗಿದ ಕೊಳವೆಯಲ್ಲಿ ಸದಾ ನಿಂತಿರಬೇಕಾದ ನೀರು ಆರಿಹೋದರೆ ಚರಂಡಿಯ ಗಾಳಿ ನೇರವಾಗಿ ಮೇಲೆ ಬರುತ್ತದೆ. ಒಂದು ಬಕೆಟ್ ನೀರು ಸುರಿದರೆ ಮುಗಿಯಿತು. ಪರಿಮಳ ಸಿಂಪಡಿಸುವುದು ಬೇಡ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಗಾಗಿ ಸ್ವಿಟ್ಜರ್ಲೆಂಡಿನ ಗೃಹಾಲಂಕಾರದ ಅಂಗಡಿಯೊಂದರಲ್ಲಿ ಕೆಲವು ದಿನ ಬರೀ ಕಿತ್ತಳೆಯ ಪರಿಮಳವನ್ನೂ, ಕೆಲವು ದಿನ ಕಿತ್ತಳೆಗೆ ಇನ್ನೂ ಎರಡು ಬೆರೆಸಿದ ಪರಿಮಳವನ್ನೂ ಹರಡಿದ್ದರು. ಸರಳ ಪರಿಮಳವಿದ್ದ ದಿನ ಗಿರಾಕಿಗಳು ಸರಾಸರಿ ಶೇಕಡಾ 20ರಷ್ಟು ಹೆಚ್ಚು ಖರ್ಚು ಮಾಡಿದರು, ಬೆರಕೆಯಿಂದ ಲಾಭವಾಗಲಿಲ್ಲ. ಅಂಗಡಿಯ ಪಾಠವನ್ನು ಹಾಗೆಯೇ ಮನೆಗೆ ತರಲಾಗದು, ಏಕೆಂದರೆ ಮನೆಯಲ್ಲಿ ಜೋರಾದ ಪರಿಮಳ ಏನನ್ನೋ ಮುಚ್ಚಲು ಬಂದಂತೆ ಅನಿಸುತ್ತದೆ. ಕಿಟಕಿ ತೆರೆದಿಡುವುದೇ ಮೇಲು.

ಬೆಳಕಿನ ಬಗ್ಗೆ ಚುಟುಕಾಗಿ. ಒಂದೇ ಕೋಣೆಯಲ್ಲಿ ಒಂದು ಬಲ್ಬು 2700 ಕೆಲ್ವಿನ್‌ನ ಹಳದಿ, ಇನ್ನೊಂದು 6500 ಕೆಲ್ವಿನ್‌ನ ನೀಲಿಬಿಳುಪು ಇದ್ದರೆ ಅದೇ ಗೋಡೆ ಎರಡು ಬಣ್ಣವಾಗಿ ಕಾಣುತ್ತದೆ, ಅದರಲ್ಲಿಯೂ ಫೋಟೋದಲ್ಲಿ. ಎಲ್ಲವನ್ನೂ ಒಂದೇ ಬಗೆಗೆ ತರಬೇಕು. ಕಿಟಕಿಯ ಗಾಜನ್ನು ಒಳಗೂ ಹೊರಗೂ ಒರೆಸಬೇಕು. ಗೋಡೆ ಏರುತಗ್ಗಾಗಿದ್ದರೆ ಹೊಳಪಿನ ಬಣ್ಣ ಅದನ್ನು ಎತ್ತಿ ತೋರಿಸುತ್ತದೆ, ಹೊಳಪಿಲ್ಲದ ಬಣ್ಣ ಮರೆಸುತ್ತದೆ.

ಫೋಟೋಗೆ ಇನ್ನೂ ಒಂದು ಉಪಯೋಗವಿದೆ, ಜಾಹೀರಾತಿಗಿಂತ ದೊಡ್ಡದು. ಮೊಬೈಲನ್ನು ಎದೆಯ ಎತ್ತರದಲ್ಲಿ, ಗೋಡೆಯ ಅಂಚುಗಳು ನೆಟ್ಟಗೆ ಬರುವಂತೆ ಹಿಡಿದು ಪ್ರತಿ ಕೋಣೆಯ ಚಿತ್ರ ತೆಗೆದು, ಬೇರೆಲ್ಲಿಯಾದರೂ ಕುಳಿತು ನೋಡಿ. ಕಣ್ಣು ರೂಢಿಯಿಂದ ದಾಟಿಹೋಗುತ್ತಿದ್ದ ಜೋತುಬಿದ್ದ ವೈರು, ಬಾಗಿಲ ಹಿಂದಿನ ಬಟ್ಟೆಯ ರಾಶಿ, ವಾಲಿದ ಪರದೆಕೋಲು, ಎಲ್ಲ ಚಿತ್ರದಲ್ಲಿ ಎದ್ದು ನಿಲ್ಲುತ್ತವೆ. ಹಾಗೆಯೇ, ಅತಿ ಅಗಲದ ಲೆನ್ಸಿನಿಂದ ಕೋಣೆಯನ್ನು ಮೈದಾನ ಮಾಡಿ ತೋರಿಸುವ ಆಸೆಗೆ ಬೀಳಬೇಡಿ. ಚಿತ್ರ ನೋಡಿ ಬಂದವರಿಗೆ ಬಾಗಿಲಲ್ಲಿಯೇ ನಿರಾಸೆಯಾದರೆ ಉಳಿದ ಕೋಣೆಗಳನ್ನು ಅವರು ನೋಡುವುದು ಸೌಜನ್ಯಕ್ಕೆ.

ಅಡುಗೆಮನೆ ಬದಲಿಸುವ ಸಲಹೆಯನ್ನು ನಾವು ಕೈಬಿಟ್ಟೆವು. ದೊಡ್ಡ ನವೀಕರಣಕ್ಕೆ ಹಾಕಿದ ಹಣ ಮಾರಾಟದ ಬೆಲೆಯಲ್ಲಿ ಪೂರ್ತಿ ಮರಳುವುದು ಅಪರೂಪ. ನಾವು ಆರಿಸಿದ ಕಲ್ಲು, ನಾವು ಆರಿಸಿದ ಬಣ್ಣ ಕೊಳ್ಳುವವರಿಗೆ ಹಿಡಿಸದಿದ್ದರೆ ಅವರು ಹೊಸದನ್ನೇ ಕಿತ್ತು ಹಾಕಬೇಕಾಗುತ್ತದೆ, ಅದರ ಬೇಸರವೂ ಬೆಲೆಯಲ್ಲಿ ಸೇರುತ್ತದೆ. ಹಳೆಯದಾದರೂ ಶುಚಿಯಾಗಿದ್ದು, ಎಲ್ಲ ಖಾನೆಗಳೂ ಸಲೀಸಾಗಿ ಮುಚ್ಚುತ್ತಿದ್ದರೆ ಸಾಕು.

ಬೆಲೆಯೂ ಮನೆಯ ಸಿದ್ಧತೆಯ ಭಾಗವೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಪ್ರಯೋಗ ಮಾಡಿ ತೋರಿಸಿದವರಿದ್ದಾರೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ಗುಗಳನ್ನು ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಕೈಯಲ್ಲಿ ಮಗ್ಗು ಇದ್ದವರು ಕೇಳಿದ ಬೆಲೆ ಇಲ್ಲದವರು ಕೊಡುವ ಬೆಲೆಯ ಸುಮಾರು ಎರಡರಷ್ಟಿತ್ತು. ಆಗಷ್ಟೇ ಸಿಕ್ಕ ಮಗ್ಗಿನ ಕತೆಯೇ ಇದಾದರೆ, ಬಾಲ್ಯ ಕಳೆದ ಮನೆಯದು ಏನಾಗಬೇಡ! 1990ರ ದಶಕದ ಬಾಸ್ಟನ್‌ನ ಅಪಾರ್ಟ್‌ಮೆಂಟ್ ಮಾರಾಟಗಳನ್ನು ಪರಿಶೀಲಿಸಿದ ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್, ತಾವು ಕೊಂಡದ್ದಕ್ಕಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಇತರರಿಗಿಂತ ಹೆಚ್ಚು ಬೆಲೆ ಹೇಳುತ್ತಾರೆ, ಅವರ ಮನೆಗಳು ಮಾರಾಟವಾಗದೆ ಹೆಚ್ಚು ಕಾಲ ಕಾಯುತ್ತವೆ ಎಂದು 2001ರಲ್ಲಿ ತೋರಿಸಿದರು. ಕೊಳ್ಳುವವರಿಗೆ ನಾವು ಎಷ್ಟಕ್ಕೆ ಕೊಂಡೆವು ಎಂಬುದು ಸಂಬಂಧವೇ ಇಲ್ಲದ ಸಂಗತಿ, ನಮಗೆ ಮಾತ್ರ ಅದೇ ಮೊದಲ ಸಂಗತಿ. ಬಹುಕಾಲ ಬಿಕರಿಯಾಗದೆ ನಿಂತ ಮನೆಯ ಬಗ್ಗೆ ಏನೋ ಇರಬೇಕು ಎಂಬ ಅನುಮಾನ ಬೇರೆ ಹುಟ್ಟುತ್ತದೆ. ಆಗ ಎಣ್ಣೆ ಹಾಕಿದ ಕೀಲು, ಒರೆಸಿದ ಗಾಜು ಯಾವುದೂ ಕೆಲಸಕ್ಕೆ ಬಾರವು.

ದಲ್ಲಾಳಿಯ ಮಾತನ್ನಾದರೂ ಪೂರ್ತಿ ನಂಬೋಣವೆಂದರೆ ಅಲ್ಲಿಯೂ ತೊಡಕು. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಶಿಕಾಗೊ ಪ್ರದೇಶದ ದಲ್ಲಾಳಿಗಳು ತಮ್ಮ ಸ್ವಂತ ಮನೆಗಳನ್ನು ಮಾರುವಾಗ ಗಿರಾಕಿಗಳ ಮನೆಗಳಿಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದಿದ್ದರು, ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಮೋಸವೆಂದು ಹೇಳಲಾರೆ. ಗಿರಾಕಿಯ ಮನೆಗೆ ಸ್ವಲ್ಪ ಹೆಚ್ಚು ಬೆಲೆ ಬಂದರೆ ದಲ್ಲಾಳಿಗೆ ಸಿಗುವ ಪಾಲು ಚಿಲ್ಲರೆ, ಕಾಯುವ ಶ್ರಮ ಪೂರ್ತಿ ಅವನದು. ಅಕ್ಕ ಇದನ್ನು ಕೇಳಿ, "ನಮ್ಮ ದಲ್ಲಾಳಿಯ ಸ್ವಂತ ಮನೆ ಮಾರಾಟಕ್ಕಿದೆಯೇ ಎಂದು ವಿಚಾರಿಸು" ಎಂದಳು.

ಕೊನೆಯದಾಗಿ ಮುಚ್ಚುವ ಮತ್ತು ಹೇಳುವ ಪ್ರಶ್ನೆ. ಸಿಂಗಾರ ಎಲ್ಲಿ ಮುಗಿಯುತ್ತದೆ, ಕಣ್ಣಿಗೆ ಮಣ್ಣೆರಚುವುದು ಎಲ್ಲಿ ಶುರುವಾಗುತ್ತದೆ? ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದರೂ, ಕೊಳ್ಳುವವರು ಸಾಧಾರಣ ಎಚ್ಚರದಿಂದ ಕಂಡುಹಿಡಿಯಲಾಗದ ದೊಡ್ಡ ದೋಷವನ್ನು ಗೊತ್ತಿದ್ದೂ ಬಚ್ಚಿಡಬಾರದು ಎಂಬ ಕಡೆಗೆ ಬಹಳಷ್ಟು ಕಾನೂನುಗಳು ವಾಲಿವೆ. ಇದರ ಅತಿ ವಿಚಿತ್ರ ಉದಾಹರಣೆ ನ್ಯೂಯಾರ್ಕ್ ರಾಜ್ಯದ ನಯಾಕ್ ಎಂಬ ಊರಿನದು. ಅಲ್ಲಿಯ ಮನೆಯೊಂದರ ಒಡತಿ ತನ್ನ ಮನೆಯಲ್ಲಿ ದೆವ್ವಗಳಿವೆ ಎಂದು ಪತ್ರಿಕೆಗಳಲ್ಲಿ ಹೇಳಿಕೊಂಡಿದ್ದರು, ಮಾರುವಾಗ ಮಾತ್ರ ಹೊರಊರಿನ ಕೊಳ್ಳುಗನಿಗೆ ಹೇಳಲಿಲ್ಲ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ, ಲೋಕಕ್ಕೆಲ್ಲ ದೆವ್ವವಿದೆ ಎಂದು ಸಾರಿದವರು ಈಗ ಇಲ್ಲವೆನ್ನುವಂತಿಲ್ಲ, ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಆ ಮನೆಯಲ್ಲಿ ದೆವ್ವವಿದೆ ಎಂದು ಹೇಳಿ ಕೊಳ್ಳುಗನಿಗೆ ವ್ಯವಹಾರದಿಂದ ಹೊರಬರಲು ಅವಕಾಶ ಕೊಟ್ಟಿತು. ದೆವ್ವ ಎಷ್ಟರ ಮಟ್ಟಿಗೆ ನಿಜವೋ ಕಾಣೆ, ಆ ಮನೆಯ ಮರುಮಾರಾಟದ ಬೆಲೆಯ ಮೇಲೆ ಅದರ ಪ್ರಭಾವ ನಿಜವೇ.

ನಮ್ಮಲ್ಲಿ ದೆವ್ವವಿರಲಿಲ್ಲ, ಕಲೆಯಿತ್ತು. ಅಕ್ಕ ಒಂದು ಫೈಲು ಮಾಡಿದಳು. ಸೋರಿಕೆ ನಿಲ್ಲಿಸಿದ ಕೆಲಸದ ರಸೀದಿ, ಒಡೆದಾಗ ತೆಗೆದ ಫೋಟೋಗಳು, ವೈರಿಂಗ್ ಬದಲಿಸಿದ ವರ್ಷ, ಪಂಪಿನ ಖಾತರಿ ಪತ್ರ, ಮನೆಯ ನಕ್ಷೆ, ಆಸ್ತಿಯ ದಾಖಲೆಗಳ ಪ್ರತಿ. ಅದನ್ನು ನಡುಮನೆಯ ಮೇಜಿನ ಮೇಲಿಟ್ಟೆವು. ನೋಡಲು ಬಂದವರ ಹಿಂದೆ ಹಿಂದೆ ಕೋಣೆಯಿಂದ ಕೋಣೆಗೆ ಹೋಗುವುದನ್ನೂ ಬಿಟ್ಟೆವು. ಒಮ್ಮೆ ಸುತ್ತು ತೋರಿಸಿ ಅಂಗಳದಲ್ಲಿ ಕೂರುತ್ತಿದ್ದೆವು. ಒಡೆಯರು ಪಕ್ಕದಲ್ಲಿದ್ದರೆ ಗಂಡಹೆಂಡಿರು ಮನಬಿಚ್ಚಿ ಮಾತನಾಡುವುದಿಲ್ಲ, ಮಾತನಾಡದೆ ಮನೆ ಕೊಳ್ಳುವವರಿಲ್ಲ.

ಕೊನೆಗೆ ಕೊಂಡವರೂ ಎಲ್ಲರಂತೆಯೇ ಮೊದಲು ಛಾವಣಿ ನೋಡಿದರು. "ಈ ಮೂಲೆಯಲ್ಲಿ ಏನಾಗಿತ್ತು?" ಎಂದು ಆ ಮನುಷ್ಯ ಕೇಳಿದರು. ಬಣ್ಣ ಸರಿಯಾಗಿಯೇ ಕೂತಿತ್ತು, ಆದರೂ ಅವರ ಕಣ್ಣಿಗೆ ಬಿದ್ದಿತ್ತು. ಅಕ್ಕ ಫೈಲು ತೆರೆದು ಒಡೆದ ಮೋರಿಯ ಫೋಟೋ ತೋರಿಸಿ ಆದದ್ದನ್ನೆಲ್ಲ ಹೇಳಿದಳು. ಅವರು ರಸೀದಿಯನ್ನು ಕನ್ನಡಕ ಏರಿಸಿ ಓದಿದರು, ಫೋಟೋಗಳನ್ನು ಮತ್ತೊಮ್ಮೆ ತಿರುವಿದರು. ಆಮೇಲೆ ಬೆಲೆಯ ಮಾತು ಎತ್ತುವ ಮೊದಲೇ, ತಾವೀಗ ಬಾಡಿಗೆಗಿರುವ ಮನೆಯಲ್ಲಿಯೂ ಇದೇ ತೊಂದರೆ ಇದೆ ಎಂದು ಹೇಳಿ ಕೊಳಾಯಿ ಕೆಲಸದವನ ಫೋನ್ ನಂಬರ್ ಬರೆದುಕೊಂಡರು.